ಸುಂಕಿ ಎರಡೂ ಕೈಲಿ ಹುಟ್ಟು ಹಾಕಿದ್ದು

ಒಂದಾನೊಂದು ಕಾಲದಲ್ಲಿ, ನಿಮ್ಮ ಮುತ್ತಜ್ಜನಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಒಂದು ದೊಡ್ಡ ಹೊಳೆ ಇತ್ತಂತೆ, ಹೊಳೆ ದಡದಲ್ಲಿ ಒಂದು ಸಣ್ಣ ಊರು, ಆ ಊರಿಗೆಲ್ಲ ಒಂದೇ ಒಂದು ಹರಿಗೋಲು. ಹರಿಗೋಲು ಅಂದ್ರೆ ಬಿದಿರು ಹೆಣೆದು ಮೇಲೆ ಚರ್ಮ ಹೊದಿಸಿದ ದೋಣಿ, ದೊಡ್ಡ ಬುಟ್ಟಿ ಥರ ದುಂಡಗೆ ಇರುತ್ತೆ. ಅದನ್ನ ನಡೆಸೋ ಅಂಬಿಗ ಹುಲುಗಪ್ಪ. ಅವನ ಹೆಂಡತಿ ತೀರಿಕೊಂಡಿದ್ಲು, ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ನೀಲವ್ವ, ಚಿಕ್ಕವಳು ಸುಂಕವ್ವ. ಸುಂಕವ್ವನ್ನ ಎಲ್ಲರೂ ಸುಂಕಿ ಸುಂಕಿ ಅಂತಿದ್ರಂತೆ. ಹೂಂ ಅನ್ನು ಮತ್ತೆ, ಆಗಲೇ ನಿದ್ದೆ ಬಂತಾ?

ಈ ಸುಂಕಿ ನಾಲ್ಕು ವರ್ಷದವಳಿದ್ದಾಗ ಹುಣಸೆಮರದಿಂದ ಬಿದ್ದು ಎಡಗೈ ಮುರ್ಕೊಂಡಳಂತೆ. ಬಿದಿರ ದಬ್ಬೆ ಇಟ್ಟು ಮೂರು ತಿಂಗಳು ಕಟ್ಟಿದ್ರು. ಮೂಳೆ ಚೆನ್ನಾಗೇ ಕೂಡಿಕೊಳ್ತು, ಆದ್ರೆ ಕಟ್ಟು ಬಿಚ್ಚಿದ ಮೇಲೂ ಆ ಕೈ ಸುಮ್ನೆ ಚಪ್ಪರದ ಸೋರೆಕಾಯಿ ಥರ ನೇತಾಡ್ಕೊಂಡಿರೋದು. ಉಣ್ಣೋದು ಬಲಗೈಲಿ, ನೀರು ಮೊಗೆಯೋದು ಬಲಗೈಲಿ, ಕಲ್ಲು ಹೊಡೆಯೋದೂ ಬಲಗೈಲೇ. ಎರಡು ಕೈ ಬೇಕಾದ ಕೆಲಸ ಬಂತೋ, ಅಕ್ಕಾ ಅಂತ ಕೂಗೋದು. ನೀಲವ್ವ ಎಲ್ಲಿದ್ರೂ ಓಡಿ ಬರೋಳು. ಜಡೆ ಹೆಣೆಯೋಳು, ಲಂಗದ ಲಾಡಿ ಕಟ್ಟೋಳು, ಬಾಳೆಹಣ್ಣು ಸುಲಿದು ಬಾಯಿಗೆ ಇಡೋಳು. ಹೀಗೇ ಆರು ವರ್ಷ ಆಯ್ತಂತೆ.

ಒಂದಿನ ಸುಂಕಿಗೆ ತಾನೂ ಅಪ್ಪನ ಹಾಗೆ ಹರಿಗೋಲು ನಡೆಸಬೇಕು ಅಂತ ಆಸೆ ಆಯ್ತಂತೆ. ಅಪ್ಪ ಊಟಕ್ಕೆ ಹೋದಾಗ ಮೆಲ್ಲಗೆ ಹತ್ತಿ, ಬಲಗೈಲಿ ಹುಟ್ಟು ತಗೊಂಡು ನೀರಿಗೆ ಹಾಕಿದ್ಲು. ಹುಟ್ಟನ್ನ ಎರಡು ಕೈಲಿ ಹಿಡಿದು, ಈ ಕಡೆ ಒಂದು ಸಲ ಆ ಕಡೆ ಒಂದು ಸಲ ಎಳೆದ್ರೆ ತಾನೇ ಹರಿಗೋಲು ಮುಂದಕ್ಕೆ ಹೋಗೋದು? ಒಂದೇ ಕೈಲಿ ಎಳೆದ್ರೆ ಏನಾಗುತ್ತೆ ಹೇಳು? ಗರಗರಗರ ಬುಗುರಿ ಥರ ಸುತ್ತೋಕೆ ಶುರುವಾಯ್ತಂತೆ! ದಡದಲ್ಲಿ ಬಟ್ಟೆ ಒಗೀತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ನೀಲವ್ವ ಸೊಂಟದುದ್ದ ನೀರಿಗಿಳಿದು ಎಳ್ಕೊಂಡು ಬಂದ್ಲು. ಸುಂಕಿ ಅವತ್ತು ಊಟ ಮಾಡಲಿಲ್ಲ, ದಡದಲ್ಲೇ ಒಂದು ಮೂಲೇಲಿ ಕೂತು ಎಡಗೈಯನ್ನ ಬಲಗೈಲಿ ರಪರಪ ಹೊಡೆದ್ಲಂತೆ, ಪಾಪ.

ಅದೇ ಹೊತ್ತಿಗೆ ಹಳೇ ಹರಿಗೋಲು ಅಲ್ಲಲ್ಲಿ ತೂತುಬಿದ್ದು, ಹೊಸದು ಹೆಣೆಯೋಕೆ ಮೇದಾರ ಚೌಡಮ್ಮ ಅನ್ನೋ ಅಜ್ಜಿ ಊರಿಗೆ ಬಂದಿದ್ಲು. ಹೊಳೆ ದಡದಲ್ಲೇ ಚಪ್ಪರ ಹಾಕ್ಕೊಂಡು ಬಿದಿರು ಸೀಳ್ತಾ ಕೂತಿರೋಳು. ಬಾಯಲ್ಲಿ ಎಲೆಯಡಿಕೆ, ಮಾತು ಮಾತ್ರ ಚುರುಕು. ಸುಂಕಿ ಅಳ್ತಿರೋದು ನೋಡಿ, ಯಾಕವ್ವಾ ಆ ಕೈಗೆ ಹೊಡೀತೀಯ, ಅದೇನು ಮಾಡ್ತು ನಿನಗೆ ಅಂದ್ಲಂತೆ. ಏನೂ ಮಾಡಲ್ಲ ಅಜ್ಜಿ, ಅದಕ್ಕೇ ಹೊಡೀತೀನಿ ಅಂದ್ಲು ಸುಂಕಿ. ಅಜ್ಜಿ ಬಿದಿರು ಕೆಳಗಿಟ್ಟು ಆ ಕೈ ಹಿಡಿದು, ಬೆರಳು ಬೆರಳು ಒತ್ತಿ ನೋಡಿ, ಕೈ ಗಟ್ಟಿಮುಟ್ಟಾಗೈತೆ, ಆಟ ಆಡೋದು ಮರೆತೈತೆ ಅಷ್ಟೇ. ನಾಳೆಯಿಂದ ನನ್ನ ಹತ್ರ ಬಾ, ಕೆಲಸ ಮಾಡೋಕಲ್ಲ, ಆಡೋಕೆ ಬಾ ಅಂದ್ಲಂತೆ.

ಮೊದಲನೇ ಆಟ ಗುಬ್ಬಿಗೂಡು. ಒದ್ದೆ ಮರಳಲ್ಲಿ ಪಾದ ಇಟ್ಟು, ಮೇಲೆ ಮರಳು ಗುಡ್ಡೆ ಹಾಕಿ, ಎರಡೂ ಅಂಗೈಲಿ ದಪ ದಪ ತಟ್ಟಿ, ಆಮೇಲೆ ಮೆತ್ತಗೆ ಕಾಲು ಈಚೆಗೆ ಎಳ್ಕೋಬೇಕು. ಸುಂಕಿ ಬಲಗೈಲಿ ಮಾತ್ರ ತಟ್ಟಿದ್ಲು, ಎಡಗಡೆ ಗೋಡೆ ಕುಸೀತು. ಇನ್ನೊಂದು ಕಟ್ಟಿದ್ಲು, ಅದೂ ಕುಸೀತು. ಏಳು ಗೂಡು ಬಿದ್ದ ಮೇಲೆ ಸಿಟ್ಟು ಬಂದು, ಎರಡೂ ಕೈಲಿ ಜೋರಾಗಿ ಬಡಿದ್ಲು ನೋಡು, ಎಂಟನೇದು ನಿಲ್ತಂತೆ! ಸುಂಕಿ ಕುಣಿದೇ ಕುಣಿದ್ಲು. ಕುಣಿಯೋವಾಗ ತಾನೇ ಅದನ್ನ ತುಳಿದಳು, ಅದು ಬೇರೆ ಮಾತು.

ಎರಡನೇ ಆಟ ತಂಗಡಿ ಹೂವಿನ ಸರ. ಎಡಗೈಲಿ ಹೂವು ಹಿಡ್ಕೋಬೇಕು, ಬಲಗೈಲಿ ಸೂಜಿ ಚುಚ್ಚಬೇಕು. ಸಡಿಲ ಹಿಡಿದ್ರೆ ಹೂವು ಬಿದ್ದುಹೋಗೋದು, ಬಿಗಿ ಹಿಡಿದ್ರೆ ನುಜ್ಜುಗುಜ್ಜು. ಒಂದು ಸಲ ಹೂವಿನ ಬದಲು ಹೆಬ್ಬೆರಳಿಗೇ ಚುಚ್ಕೊಂಡು ಅಯ್ಯೋ ಅಂತ ಕಿರುಚಿದ್ಲು. ಅಷ್ಟೇ, ನೀಲವ್ವ ಹಿಟ್ಟು ಕಲಸ್ತಿದ್ದ ಕೈಲೇ ಓಡಿಬಂದು, ಕೊಡು ಇಲ್ಲಿ ನಾನು ಪೋಣಿಸ್ತೀನಿ ಅಂತ ಸೂಜಿ ಕಿತ್ಕೊಂಡ್ಲಂತೆ.

ಚೌಡಮ್ಮಜ್ಜಿಗೆ ಸಿಟ್ಟು ಬಂತು. ಕೊಡೇ ಅವಳ ಸೂಜಿ ಅವಳಿಗೆ, ನೀನು ಎಷ್ಟು ದಿನ ಅಂತ ಅವಳಿಗೆ ಎಡಗೈ ಆಗಿರ್ತೀಯ ಅಂದ್ಲು. ಆಗ ನೀಲವ್ವ ಅಲ್ಲೇ ಮರಳಲ್ಲಿ ಕುಸಿದು ಕೂತು ಗಳಗಳ ಅತ್ತುಬಿಟ್ಲಂತೆ. ಅವತ್ತು ಹುಣಸೆಮರ ಹತ್ತು, ಕಾಯಿ ಕಿತ್ತು ಹಾಕು ಅಂದಿದ್ದು ನಾನೇ ಅಜ್ಜಿ, ಯಾರಿಗೂ ಹೇಳಿರಲಿಲ್ಲ, ಅದಕ್ಕೇ ಅವಳು ಕೂಗಿದ್ರೆ ಸಾಕು ಓಡಿ ಬರ್ತೀನಿ ಅಂದ್ಲು. ಸುಂಕಿ ಕಣ್ಣು ದೊಡ್ಡದು ಮಾಡಿ, ಅಯ್ಯೋ ಅಕ್ಕಾ, ನೀನು ಕೆಳಗಿನ ಕೊಂಬೆ ಸಾಕು ಅಂದಿದ್ದೆ, ಮೇಲಿನ ಕೊಂಬೆಗೆ ಹೋದೋಳು ನಾನು, ಅಲ್ಲೇ ದೊಡ್ಡ ದೊಡ್ಡ ಕಾಯಿ ಇದ್ವು ಅಂದ್ಲಂತೆ. ನೀಲವ್ವ ಅಳ್ತಾ ಅಳ್ತಾನೇ ನಕ್ಕುಬಿಟ್ಲು. ಅಜ್ಜಿ ಅಂದ್ಲು, ಓಡಿ ಬರೋದು ಬಿಡು ಮಗಳೇ, ಬಂದ್ರೆ ಆಡೋಕೆ ಬಾ.

ಅದಕ್ಕೇ ಮೂರನೇ ಆಟ ಅಕ್ಕತಂಗಿ ಇಬ್ಬರೂ ಸೇರಿ ಆಡೋದು, ಚಪ್ಪಾಳೆ ಆಟ. ನನ್ನ ಬಲಗೈ ನಿನ್ನ ಬಲಗೈಗೆ, ಆಮೇಲೆ ನನ್ನ ಎಡಗೈ ನಿನ್ನ ಎಡಗೈಗೆ, ನಡುವೆ ಒಂದು ನಮ್ಮದೇ ಚಪ್ಪಾಳೆ. ಮೊದಮೊದಲು ಸುಂಕಿಯ ಕೈ ಅಕ್ಕನ ಕೈಗೆ ತಾಗೋ ಬದಲು ಮೂಗಿಗೆ ತಾಗೋದು. ಆಮೇಲೆ ಆಮೇಲೆ ನಿಧಾನ ಹೋಗಿ ಬೇಗ ಆಯ್ತು, ಬೇಗ ಹೋಗಿ ಇನ್ನೂ ಬೇಗ ಆಯ್ತು, ಪಟಪಟ ಪಟಪಟ, ನೀಲವ್ವನೇ ತಪ್ಪಿ ಸೋಲೋಕೆ ಶುರುಮಾಡಿದ್ಲಂತೆ. ಅಷ್ಟರಲ್ಲಿ ಹೊಸ ಹರಿಗೋಲು ಮುಗೀತು. ಅಜ್ಜಿ ಗಂಟು ಕಟ್ಕೊಂಡು, ಇನ್ನು ಹುಟ್ಟು ಹಿಡಿಯೇ ಅಂತ ಸುಂಕಿ ತಲೆ ಸವರಿ, ತನ್ನ ದಾರಿ ಹಿಡಿದು ಹೋದ್ಲು. ಹುಲುಗಪ್ಪ ಮಗಳನ್ನ ದಿನಾ ದಡದ ಪಕ್ಕದ ಆಳವಿಲ್ಲದ ನೀರಲ್ಲಿ ಕೂರಿಸಿಕೊಂಡು ಹುಟ್ಟು ಹಾಕೋದು ಕಲಿಸಿದ. ನಡುಹೊಳೆಗೆ ಮಾತ್ರ ಬಿಡಲಿಲ್ಲ.

ಎರಡು ವರ್ಷ ಆಯ್ತು. ನೀಲವ್ವನಿಗೆ ಮದುವೆ ಗೊತ್ತಾಯ್ತು, ಆಚೆ ದಡದ ಹುಡುಗ, ಮಾರೆಪ್ಪ ಅಂತ. ಮದುವೆ ದಿನ ಬೆಳಿಗ್ಗೆ ನೋಡ್ತಾರೆ, ಮೇಲೆ ಎಲ್ಲೋ ಮಳೆ ಬಿದ್ದು ಹೊಳೆ ಕೆಂಪಗೆ ಏರ್ತಾ ಇದೆ! ಹುಲುಗಪ್ಪ ಅವಸರ ಅವಸರವಾಗಿ ಬೀಗರನ್ನ ಒಂದು ಸಲ ತಂದ, ಎರಡನೇ ಸಲ ತಂದ. ಮದುಮಗ ಮಾತ್ರ ಆಚೇನೇ ಉಳಿದ. ಯಾಕೆ ಅಂದ್ರೆ ಅವನ ಸೋದರತ್ತೆ ದ್ಯಾವಮ್ಮನಿಗೆ ನೀರು ಅಂದ್ರೆ ಭಯ, ನಾನು ಬರಲ್ಲ ಬರಲ್ಲ ಅಂತ ದಡದಲ್ಲೇ ಕೂತುಬಿಟ್ಟಿದ್ಲು, ಅವನು ಅತ್ತೇನ ಬಿಟ್ಟು ಬರಲಾರ. ಮೂರನೇ ಸಲ ಹೊರಡೋಣ ಅಂತ ಹುಲುಗಪ್ಪ ಹುಟ್ಟು ಎತ್ತಿದ, ಭುಜ ಕಳಕ್ ಅಂತು, ತೋಳು ಮೇಲಕ್ಕೇ ಏಳಲೊಲ್ಲದು.

ಮುಹೂರ್ತ ಹತ್ರ ಬಂತು. ಊರಲ್ಲಿ ಮಿಕ್ಕವರೆಲ್ಲ ಕುರಿ ಕಾಯೋರು, ಹೊಲ ಮಾಡೋರು. ಹುಟ್ಟು ಹಾಕಿ ಹೊಳೆ ದಾಟಿದೋರು ಅಂದ್ರೆ ಹುಲುಗಪ್ಪ ಬಿಟ್ರೆ ನೀಲವ್ವ ಒಬ್ಬಳೇ. ನೀಲವ್ವ ಮೈಗೆ ಅರಿಶಿನ, ಹಣೆಗೆ ಬಾಸಿಂಗ, ಹಾಗೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಟ್ಟು ತಗೊಂಡು ಎದ್ದುಬಿಟ್ಲಂತೆ. ಅಯ್ಯಯ್ಯೋ, ಕಂಕಣ ಕಟ್ಟಿದ ಮೇಲೆ ಮದುಮಗಳು ಹೊಳೆ ದಾಟಬಾರದು ಅಂತ ಹಿರಿಯರೆಲ್ಲ ಬಾಯಿ ಬಾಯಿ ಬಡ್ಕೊಂಡ್ರು. ಆಗ ಸುಂಕಿ ಹೋಗಿ ಅಕ್ಕನ ಕೈಯಿಂದ ಹುಟ್ಟು ತಗೊಂಡು, ಅಕ್ಕಾ, ನೀನು ಕೂತ್ಕೋ, ನಾನು ಕರ್ಕೊಂಡು ಬರ್ತೀನಿ ಅಂದ್ಲಂತೆ.

ನೀಲವ್ವ ಅಪ್ಪನ ಮುಖ ನೋಡಿದ್ಲು. ಹುಲುಗಪ್ಪ ಹೊಳೆ ನೋಡಿದ, ಮಗಳನ್ನ ನೋಡಿದ. ನಡುಹೊಳೆಯ ಬಂಡೆಯಿಂದ ದೂರ ಇರು ಮಗಾ, ನೀರಿನ ಜೊತೆ ಜಗಳ ಆಡಬೇಡ ಅಂದ. ನೀಲವ್ವ ಎರಡೂ ಕೈ ಬಿಗಿಯಾಗಿ ಕಟ್ಕೊಂಡು ಕೂತ್ಲಂತೆ.

ಸುಂಕಿ ಹೊರಟಳು. ಈ ಕಡೆ ಒಂದು, ಆ ಕಡೆ ಒಂದು, ಈ ಕಡೆ ಒಂದು, ಆ ಕಡೆ ಒಂದು. ನಡುಹೊಳೆಗೆ ಬಂದಾಗ ಸೆಳೆತ ಹಿಡ್ಕೊಳ್ತು, ಹರಿಗೋಲು ಒಂದು ಸುತ್ತು ಸುತ್ತಿತು, ಎರಡು ಸುತ್ತು ಸುತ್ತಿತು, ದಡದಲ್ಲಿ ಎಲ್ಲರೂ ಹೋ ಅಂದ್ರು. ಮೂರನೇ ಸುತ್ತಿಗೆ ಬಲಗೈ ನೀರಲ್ಲಿ ನೆನೆದು ನುಣುಪಾಗಿ ಹುಟ್ಟಿಂದ ಜಾರೇ ಹೋಯ್ತು! ಹೋಯ್ತಲ್ಲಪ್ಪಾ ಹುಟ್ಟು ಅಂತ ನೋಡ್ತಾಳೆ, ಎಡಗೈ ಹಿಡ್ಕೊಂಡೇ ಇದೆ. ಯಾರೂ ಹೇಳಲಿಲ್ಲ, ಕೇಳಲಿಲ್ಲ, ಗಟ್ಟಿಯಾಗಿ ಹಿಡ್ಕೊಂಡೇ ಇದೆಯಂತೆ! ಬಲಗೈ ಮತ್ತೆ ಬಂದು ಜೊತೆ ಸೇರ್ಕೊಳ್ತು, ನೀರು ಎಳೆದ ಕಡೆಗೇ ಸ್ವಲ್ಪ ಹೋಗಿ, ಬಂಡೆ ತಪ್ಪಿಸಿ, ಓರೆಯಾಗಿ ಆಚೆ ದಡ ಮುಟ್ಟಿದ್ಲು.

ಅಲ್ಲಿ ಮಾರೆಪ್ಪ ಬಾಯಿ ತೆರ್ಕೊಂಡು ನಿಂತಿದ್ದ. ಏನ್ರೀ ಭಾವ, ಹತ್ರಿ, ಮುಹೂರ್ತ ಮೀರುತ್ತೆ ಅಂದ್ಲು ಸುಂಕಿ. ಈ ಚಿಕ್ಕ ಹುಡುಗಿ ದಾಟಿ ಬಂದ್ಲಲ್ಲ ಅಂತ ನಾಚಿಕೆಯಾಗಿ ದ್ಯಾವಮ್ಮನೂ ಹತ್ತಿದ್ಲು. ಹತ್ತಿದೋಳು ಕಣ್ಣು ಮುಚ್ಚಿ, ಹಿಂದಿನಿಂದ ಸುಂಕಿಯ ಎಡಭುಜ ಗಟ್ಟಿಯಾಗಿ ತಬ್ಕೊಂಡುಬಿಟ್ಲಂತೆ. ಸುಂಕಿ ಏನಂದ್ಲು ಗೊತ್ತಾ? ದೊಡ್ಡಮ್ಮಾ, ಭಾವನ್ನ ಹಿಡ್ಕೊಳ್ಳಿ, ನನ್ನ ಕೈ ಬಿಡಿ, ನನಗೆ ಎರಡೂ ಬೇಕು!

ಹರಿಗೋಲು ಈಚೆ ದಡ ಮುಟ್ಟಿದ್ದೇ ತಡ, ಡೋಲು ಬಾರಿಸಿದ್ರು, ಓಲಗ ಊದಿದ್ರು, ನೀಲವ್ವನಿಗೂ ಮಾರೆಪ್ಪನಿಗೂ ಮದುವೆ ಆಯ್ತು. ಮೂರು ದಿನಕ್ಕೆ ಹೊಳೆ ಇಳೀತು, ಹೊಸ ಮದುಮಕ್ಕಳನ್ನ ಸುಂಕೀನೇ ಆಚೆ ದಡಕ್ಕೆ ಬಿಟ್ಟುಬಂದ್ಲು. ನೀಲವ್ವ ಹರಿಗೋಲಲ್ಲಿ ಸುಮ್ನೆ ಕೂತು, ಪಕ್ಕದಲ್ಲಿ ಇಟ್ಟಿದ್ದ ಬುತ್ತಿ ಬಿಚ್ಚಿ, ದಡ ಬರೋ ಹೊತ್ತಿಗೆ ಮೂರು ಹೋಳಿಗೆ ತಿಂದು ಮುಗಿಸಿದ್ಲಂತೆ. ತಂಗಿಗೆ ಒಂದು ತುಂಡೂ ಕೊಡಲಿಲ್ಲ! ಯಾಕಕ್ಕಾ ಅಂತ ಕೇಳಿದ್ರೆ, ನಿನ್ನ ಎರಡೂ ಕೈಗೂ ಬಿಡುವಿಲ್ಲ ನೋಡು, ನಾನೇನು ತಿನ್ನಿಸಬೇಕಾ ಅಂತ ಹೊಳೆಯೆಲ್ಲ ಕೇಳೋ ಹಾಗೆ ನಕ್ಕಳಂತೆ. ಅವರು ಆ ದಡದಲ್ಲಿ ಚೆನ್ನಾಗಿದ್ರು, ಇವರು ಈ ದಡದಲ್ಲಿ ಚೆನ್ನಾಗಿದ್ರು, ನಡುವೆ ಹರಿಗೋಲು ಹೋಗ್ತಾ ಬರ್ತಾ ಇತ್ತು. ಅಲ್ಲಿಗೆ ಅವರ ಕತೆ ಮುಗೀತು, ಇನ್ನು ಕಣ್ಣು ಮುಚ್ಚು, ನನ್ನ ಬಂಗಾರ.