ಪಂಡಿತರ ಹಿತ್ತಲಿನ ಎಮ್ಮೆ

ಕೆಂಗಲ್ಲುದುರ್ಗದ ನ್ಯಾಯಾಧಿಕಾರಿ ಶೇಷಪಂಡಿತರು ‘ಪ್ರತಿವಾದಿ’ ಎಂದು ಗುಡುಗಿದರೆ ಸಾಕು, ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ತಪ್ಪೊಪ್ಪಿಕೊಂಡು ಹೋಗುತ್ತಿದ್ದರಂತೆ.

“ನನ್ನ ಕಾನೂನಿಗೆ ಎದುರಾಡುವವನು ಇನ್ನೂ ಹುಟ್ಟಬೇಕಷ್ಟೆ,” ಎಂದು ಒಮ್ಮೆ ದೊರೆ ಮುದ್ದರಸರ ಎದುರೇ ಮೀಸೆ ತಿರುವಿದರು.

ವಿದೂಷಕ ಕೊಂಡಯ್ಯನಿಗೆ ಆ ಮಾತಿಗಿಂತ ಮೀಸೆಗೆ ಮೆತ್ತಿದ್ದ ಕೆನೆಯೇ ಕಣ್ಣಿಗೆ ಬಿತ್ತು. ಕೆನೆ ಯಾರ ಎಮ್ಮೆಯದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಾಳವ್ವನಿಗಿದ್ದದ್ದು ಒಂದೇ ಎಮ್ಮೆ. ಅದರ ಹಾಲು ಮಾರಿದರಷ್ಟೇ ಅವಳ ಒಲೆ ಉರಿಯಬೇಕು. ಪಕ್ಕದ ಮನೆಯ ಬೆಟ್ಟಪ್ಪ ಅದು ತನ್ನದೆಂದು ದಾವೆ ಹೂಡಿದ್ದ. ತಗಾದೆಯ ಸೊತ್ತು ತೀರ್ಪಿನವರೆಗೂ ನ್ಯಾಯ ಹೇಳುವವರ ವಶದಲ್ಲಿರಬೇಕು ಎಂಬುದು ಆ ರಾಜ್ಯದ ಕಟ್ಟಳೆ. ಎಮ್ಮೆ ಪಂಡಿತರ ಹಿತ್ತಲು ಸೇರಿತು. ಅಂದಿನಿಂದ ವಾಯಿದೆಯ ಮೇಲೆ ವಾಯಿದೆ. ಮಾಳವ್ವ ಅತ್ತರೆ ‘ವಿಚಾರಣೆ ಬಾಕಿ’, ಕೂಗಾಡಿದರೆ ‘ನ್ಯಾಯಾಂಗ ನಿಂದನೆ’.

ಮೀಸೆ ತಿರುವಿದ ದಿನವೇ ಮಧ್ಯಾಹ್ನ ಪಂಡಿತರು ಸಭೆಯಲ್ಲೇ ಬುತ್ತಿ ಬಿಚ್ಚಿದರು. ತುಪ್ಪದಲ್ಲಿ ಮುಳುಗಿದ ಹೋಳಿಗೆ. ಕೊಂಡಯ್ಯ ಅಡ್ಡ ಬಂದ.

“ತಡೆಯಾಜ್ಞೆ ಬೇಕು, ಪ್ರಭು. ಈ ಬುತ್ತಿ ನನ್ನದು.”

ಪಂಡಿತರು ನಕ್ಕು, ಹೋಳಿಗೆ ತಟ್ಟಿದವಳು ತಮ್ಮ ಹೆಂಡತಿ ಎಂದರು.

“ಅದನ್ನು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿ, ಸ್ವಾಮಿ. ಈಗ ನೀವು ಪ್ರತಿವಾದಿ. ನಿಮ್ಮ ಮೊಕದ್ದಮೆಗೆ ನೀವೇ ನ್ಯಾಯ ಹೇಳೋ ಹಾಗಿಲ್ಲ. ವಿಚಾರಣೆ ಪ್ರಭುಗಳದು, ಸೊತ್ತೂ ಅವರ ವಶಕ್ಕೆ.”

ಹೋಳಿಗೆಯ ಘಮ ಮೂಗಿಗೆ ಬಡಿದಿದ್ದ ದೊರೆಗೆ ಈ ಕಾನೂನು ಬಹಳ ಹಿಡಿಸಿತು. ಬುತ್ತಿ ಸಿಂಹಾಸನಕ್ಕೆ ಹೋಯಿತು. ಕೂಡಲೇ ವಿಚಾರಣೆ ಆಗಲಿ ಎಂದು ಪಂಡಿತರು ಗೋಗರೆದರು. ಹಳೆಯ ದಾವೆ ಮುಗಿಯದೆ ಹೊಸದನ್ನು ಎತ್ತಿಕೊಳ್ಳುವುದು ಹೇಗೆ ಎಂದು ಕೊಂಡಯ್ಯ ಕೇಳಿದ. ಹೌದಲ್ಲ, ಎಂದರು ದೊರೆ.

ಹೊಟ್ಟೆ ಚುರುಗುಟ್ಟುತ್ತಿದ್ದ ಪಂಡಿತರು ಮಾಳವ್ವನನ್ನೂ ಬೆಟ್ಟಪ್ಪನನ್ನೂ ಕರೆಸಿ, ಬೆಟ್ಟಪ್ಪನಿಗೆ ಸಾಕ್ಷಿ ಎಲ್ಲಿ ಎಂದರು.

ಬೆಟ್ಟಪ್ಪ ಕಕ್ಕಾಬಿಕ್ಕಿಯಾದ. “ಸಾಕ್ಷಿ ಕೇಳೋದೇ ಇಲ್ಲ ಅಂತ ನೀವೇ ಹೇಳಿದ್ರಲ್ಲ, ಬುದ್ಧಿ?”

ಸಭೆಯೆಲ್ಲ ಗೊಳ್ಳೆಂದಿತು. ಆ ನಗು ಅಡಗುವ ಮೊದಲೇ ಪಂಡಿತರು ದಾವೆ ವಜಾ ಮಾಡಿ ಎಮ್ಮೆಯನ್ನು ಮಾಳವ್ವನಿಗೆ ಒಪ್ಪಿಸಿದ್ದರು. ಅವಳು ಮೇಲ್ಮನವಿಗೆ ಯಾರಿಗೂ ಪುರುಸೊತ್ತು ಕೊಡದೆ ಪಂಡಿತರ ಹಿತ್ತಲಿಗೆ ಹೋಗಿ ಎಮ್ಮೆಯ ಹಗ್ಗ ಹಿಡಿದು ಹೊರಟೇಬಿಟ್ಟಳು.

“ಇನ್ನಾದರೂ ನನ್ನ ಬುತ್ತಿಯ ತೀರ್ಪು ಹೇಳಿಸಪ್ಪ, ಕೊಂಡಯ್ಯ,” ಎಂದರು ಪಂಡಿತರು.

ಕೊಂಡಯ್ಯ ಸಿಂಹಾಸನದ ಕಡೆ ನೋಡಿದ. ದೊರೆಯ ಎರಡೂ ಕೆನ್ನೆ ಉಬ್ಬಿದ್ದವು, ಗಲ್ಲದ ಮೇಲೆ ತುಪ್ಪ ಇಳಿಯುತ್ತಿತ್ತು.

“ಸ್ವಲ್ಪ ತಾಳಿ, ಸ್ವಾಮಿ. ತೀರ್ಪು ಹೇಳಬೇಕಾದ ಬಾಯಿ ಇನ್ನೂ ಸಾಕ್ಷ್ಯ ಪರಿಶೀಲಿಸುತ್ತಿದೆ.”