ಅರ್ಧ ಕಥೆ ಬಲ್ಲ ಹುಂಜ

ಚರ್ಚಿನ ಅಂಗಳದ ಹುಂಜಕ್ಕೆ ತನ್ನ ವಂಶದ ಮೇಲೆ ಬಲು ಹೆಮ್ಮೆ. "ಯೇಸುವನ್ನು ಅರಿಯೆನೆಂದ ಅವನ ಶಿಷ್ಯ ಪೇತ್ರ ತನ್ನ ತಪ್ಪು ನೆನೆದು ಅಳುವಂತೆ ಮಾಡಿದ್ದು ನಮ್ಮ ಹಿರಿಯನ ಕೂಗು. ತಪ್ಪನ್ನು ಸಾರುವುದೇ ನಮ್ಮ ಕುಲದ ಕೆಲಸ," ಎನ್ನುತ್ತಿತ್ತು.

ಒಮ್ಮೆ ಕಾವಲಿನ ನಾಯಿ ಕರಿಯ ತೂಕಡಿಸಿದಾಗ ಮುಂಗುಸಿ ನುಗ್ಗಿ ಮುದಿ ಬಾತುಕೋಳಿಯ ಮೊಟ್ಟೆಗಳನ್ನೆಲ್ಲ ತಿಂದುಹಾಕಿತು. ಅಂದಿನಿಂದ ಹುಂಜ ದಿನಾ ಬೆಳಗ್ಗೆ ಗೋಡೆ ಹತ್ತಿ, "ಕಾಯಬೇಕಾದವನೇ ಮಲಗಿದ!" ಎಂದು ಕೇರಿಗೆಲ್ಲ ಕೇಳುವಂತೆ ಕೂಗತೊಡಗಿತು. ಕರಿಯ ತಲೆ ತಗ್ಗಿಸಿತು, ಅನ್ನ ಬಿಟ್ಟಿತು. ಕೊನೆಗೊಂದು ಬೆಳಗ್ಗೆ ಅಂಗಳವನ್ನೇ ಬಿಟ್ಟು ಹೊರಟಿತು.

"ನೋಡಿದೆಯಾ ಅಜ್ಜಿ, ನನ್ನ ಮಾತು ಹೇಗೆ ನಾಟಿತು!" ಎಂದಿತು ಹುಂಜ.

"ನಾಟಿತಪ್ಪ, ಮುಳ್ಳು ನಾಟಿದ ಹಾಗೆ," ಎಂದಿತು ಬಾತುಕೋಳಿ. "ಮೊಟ್ಟೆ ಕಳೆದುಕೊಂಡ ನಾನೇ ಅವನನ್ನು ಕ್ಷಮಿಸಿದ್ದೇನೆ. ನೀನು ಪೇತ್ರನ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಸತ್ತು ಎದ್ದ ಯೇಸು ಸರೋವರದ ದಡದಲ್ಲಿ ಮೀನು ಸುಟ್ಟಿಟ್ಟು ಅವನನ್ನು ಊಟಕ್ಕೆ ಕರೆದನು. ಹಳೆಯದನ್ನು ಎತ್ತಿ ಹಂಗಿಸಲಿಲ್ಲ."

ಹುಂಜಕ್ಕೆ ಮೊದಲ ಬಾರಿ ತನ್ನ ದನಿ ಕರ್ಕಶವೆನಿಸಿತು. ಅದು ಗೇಟು ದಾಟಿ ಓಡಿತು. ರಸ್ತೆಯ ತಿರುವಿನಲ್ಲಿ ಕರಿಯ ಸಿಕ್ಕಿತು. ಹುಂಜ ಕೂಗಲಿಲ್ಲ, ಹತ್ತಿರ ಹೋಗಿ ಮೆಲ್ಲಗೆ ಹೇಳಿತು: "ನನ್ನ ಬಾಯಿ ಹೆಚ್ಚಾಯಿತು, ಕರಿಯಾ. ನಿನ್ನ ಗಂಜಿ ಆರುತ್ತಿದೆ. ಬಾ, ಉಣ್ಣು."

ಕರಿಯ ತಲೆಯೆತ್ತಿ ಕೇಳಿತು: "ಕಾವಲಿನಲ್ಲಿ ಮತ್ತೆ ಕಣ್ಣು ಹತ್ತಿದರೆ?"

"ಎಬ್ಬಿಸಲು ನಾನಿದ್ದೇನಲ್ಲ," ಎಂದಿತು ಹುಂಜ.

ಕರಿಯನ ಬಾಲ ಮೆಲ್ಲಗೆ ಅಲ್ಲಾಡಿತು. ಎರಡೂ ಜೊತೆಯಾಗಿ ಅಂಗಳಕ್ಕೆ ಮರಳಿದವು.