ಬೂದಿ ಮೇಲೆ ಕಾಲಿಡದ ಸಾಹೇಬರು

ಗಂಗಾವತಿ ಕಡೆ ಅಕ್ಕಿ ಗಿರಣಿಗೆ ಬರವಿಲ್ಲ, ಗಿರಣಿಯಲ್ಲಿ ಸುಟ್ಟ ಹೊಟ್ಟಿನ ಬೂದಿಗೂ ಬರವಿಲ್ಲ. ಅಲ್ಲೊಂದು ಡಾಂಬರು ಪ್ಲಾಂಟಿನಲ್ಲಿ ಹುಲಿಗೆಪ್ಪ ಮಿಶ್ರಣ ಕಲಸುತ್ತಿದ್ದ. ಜಲ್ಲಿಯ ಸಂದಿ ತುಂಬಲು ಕಲ್ಲುಪುಡಿಯ ಬದಲು ಆ ಬೂದಿಯನ್ನೇ ಬೆರೆಸುತ್ತಿದ್ದ. ತನ್ನ ಹದದ ಮೇಲೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹೊಸ ಇಂಜಿನಿಯರ್ ಸಾಹೇಬರು ಜೀಪಿನಿಂದ ಇಳಿದವರೇ ಪ್ಲಾಂಟಿನ ಡಾಂಬರು ಹಾಕಿದ ಅಂಗಳದಲ್ಲಿ ನಿಂತು ಸಿಡುಕಿದರು. "ಬೂದಿ ಇರೋದು ಪಾತ್ರೆ ತಿಕ್ಕೋಕೆ. ಇವತ್ತೇ ಎಲ್ಲಾ ಹೊರಗೆ ಚೆಲ್ಲಿ. ಕಲಸಿದವನಿಗೆ ನಾಳೆಯಿಂದ ಕೆಲಸ ಇಲ್ಲ."

ಹುಲಿಗೆಪ್ಪ ಕೈಮುಗಿದ. "ಆಗಲಿ ಸಾಹೇಬ್ರ. ಹೋಗೋಕಿಂತ ಮೊದ್ಲ ಒಂದು ತಿಳಿಸಿಕೊಡ್ರಿ. ಒಳ್ಳೆ ರಸ್ತೆ ಅಂದ್ರ ಹೆಂಗಿರಬೇಕ್ರಿ?"

ಸಾಹೇಬರು ಬೂಟಿನ ಹಿಮ್ಮಡಿಯಿಂದ ನೆಲ ಗುದ್ದಿದರು. "ಹೀಗಿರಬೇಕು. ದಿನಾ ಲಾರಿ ಓಡಾಡಿದರೂ ಒಂದು ಗುಂಡಿ ಬಿದ್ದಿದೆಯಾ ನೋಡು."

"ಬೂದಿ ಹಾಕಿದ ರಸ್ತೆ ಹೆಂಗ್ರಿ?"

"ಅಂಥದರ ಮೇಲೆ ನಾನು ಕಾಲೂ ಇಡಲ್ಲ."

ಹುಲಿಗೆಪ್ಪ ಒಳಗೆ ಹೋಗಿ ಎರಡು ಉದ್ದನೆಯ ಹಲಗೆ ಹೊತ್ತು ತಂದ. ಸಾಹೇಬರ ಕಾಲಬುಡದಿಂದ ಜೀಪಿನ ತನಕ ಒಂದರ ಮುಂದೊಂದು ಹಾಸಿದ.

"ಏನಯ್ಯಾ ಇದು?"

"ಮೂರು ವರ್ಷದ ಹಿಂದ ಈ ಅಂಗಳಕ್ಕ ನಾನೇ ಬೂದಿ ಕಲಸಿ ಹಾಕಿದ್ದೆರಿ. ಕಾಲಿಡಲ್ಲ ಅಂದ್ರಲ್ಲ, ಹಲಗಿ ಮ್ಯಾಲೆ ಹೋಗ್ರಿ."

ಸಾಹೇಬರು ತಟ್ಟನೆ ಒಂದು ಕಾಲೆತ್ತಿದರು. ಎತ್ತಿದ್ದನ್ನು ಎಲ್ಲಿಡುವುದೆಂದು ತಿಳಿಯದೆ ಹಲಗೆ ನೋಡಿದರು, ಸುತ್ತ ನಿಂತ ಕೆಲಸಗಾರರ ಮುಖ ನೋಡಿದರು. ಕೊನೆಗೆ ಮೆಲ್ಲಗೆ ಅಂಗಳಕ್ಕೇ ಊರಿದರು.

"ಹಲಗೆ ತೆಗಿ," ಅಂದರು. "ಬೂದಿ ಇರಲಿ."